ವಿಜ್ಞಾನಿಯ ಇಳಿವಯಸ್ಸು

ಮುಪ್ಪಡರಿದೊಡನೆ ಲೆಕ್ಕದ ಪುಸ್ತಕವನ್ನು ಮಗನ ಕೈಗಿತ್ತು ಗಾದಿಯಿಂದೇಳುವುದು ನಗರ್ತಪೇಟೆಯ ವರ್ತಕನಿಗೆ ಸಲ್ಲುವ ಮಾತು. ವಿಜ್ಞಾನಿಯಾದರೋ ತನ್ನ ಕುತೂಹಲವನ್ನು ಯಾರಿಗೊಪ್ಪಿಸಬೇಕು? ಇದೇ ಊರಿನಲ್ಲಿ ಬಾಳಿದ ಸರ್ ಸಿ. ವಿ. ರಾಮನ್ನರ ಜೀವಿತವನ್ನು ನೋಡಬಹುದು. ಬೆಳಕಿನ ಚೆದರಿಕೆಯನ್ನು ಕುರಿತ ಅವರ ಮಹಾಶೋಧವು 1928ರಲ್ಲಿ, ನಲವತ್ತನೆಯ ವರ್ಷದಲ್ಲಿ ನಡೆಯಿತು. 1930ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿ, 1948ರಲ್ಲಿ ನಿವೃತ್ತರಾದರು. ಆದರೂ ವಿಶ್ರಮಿಸಲಿಲ್ಲ. ತಾವೇ ಸ್ಥಾಪಿಸಿದ ಸಂಶೋಧನಾಲಯದಲ್ಲಿ ರತ್ನಗಳ ಕಾಂತಿ, ಹೂಗಳ ಬಣ್ಣ, ಕಣ್ಣಿನ ನೋಟ ಇವುಗಳನ್ನು ಪರೀಕ್ಷಿಸುತ್ತ, 1970ರಲ್ಲಿ ಕಾಲವಾಗುವವರೆಗೂ ದುಡಿದರು. ಈ ಕಡೆಗಾಲದ ಕೃಷಿಗೆ ಮೊದಲಿನಷ್ಟು ಮನ್ನಣೆ ದೊರೆಯಲಿಲ್ಲವೆಂಬುದು ನಿಜ. ಆದರೆ ಪ್ರಾಯದಲ್ಲಿ ಕೀರ್ತಿಯನ್ನು ತಂದ ಕುತೂಹಲವೇ ಮುಪ್ಪಿನಲ್ಲಿ ಕೀರ್ತಿಯ ಹಂಗಿಲ್ಲದೆ ಉಳಿಯಿತು. ವಿಜ್ಞಾನಿಯ ಬಾಳನ್ನು ಅಳೆಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.