ಓಬವ್ವನ ಕಿಂಡಿ

ಬೆಂಗಳೂರಿನ ವಾಯವ್ಯ ಭಾಗದಲ್ಲಿರುವ ನಂದಿನಿ ಲೇಔಟಿನ ನಿವಾಸಿಗಳಿಗೆ ಊರು ಬಿಟ್ಟು ಹೊರಡುವುದೆಂದರೆ ಬಹುಮಟ್ಟಿಗೆ ತುಮಕೂರು ರಸ್ತೆಯನ್ನು ಹಿಡಿಯುವುದೆಂದೇ ಅರ್ಥ. ಗೊರಗುಂಟೆಪಾಳ್ಯದ ಕೂಡುದಾರಿಯನ್ನು ದಾಟಿ, ಪೀಣ್ಯದ ಕಾರ್ಖಾನೆಗಳನ್ನು ಹಿಂದೆ ಹಾಕಿದರೆ, ಮುಂದೆ ನೆಲಮಂಗಲ, ತುಮಕೂರು, ಶಿರಾ, ಹಿರಿಯೂರುಗಳ ಮೇಲೆ ಹಾದು ಸುಮಾರು 200 ಕಿಲೋಮೀಟರು ದೂರದ ಚಿತ್ರದುರ್ಗವನ್ನು ಈ ಒಂದೇ ದಾರಿಯಲ್ಲಿ ಸೇರಬಹುದು. ಬೆಳಗಿನ ಕಾಫಿ ಮುಗಿಸಿ ಹೊರಟವರು ಬಿಸಿಲು ಏರುವುದರೊಳಗಾಗಿ ದುರ್ಗದ ಬೆಟ್ಟದ ಬುಡದಲ್ಲಿರುವರು. ಆದುದರಿಂದ ಮಕ್ಕಳು ಮರಿಗಳೊಡನೆ ಒಂದು ದಿನದ ಮಟ್ಟಿಗೆ ಹೋಗಿಬರಲು ಇದಕ್ಕಿಂತ ಅನುಕೂಲವಾದ ಸ್ಥಳವು ನಮ್ಮ ಕಡೆಯವರಿಗೆ ಮತ್ತೊಂದಿಲ್ಲವೆಂದೇ ಹೇಳಬೇಕು.

ದಾರಿಯುದ್ದಕ್ಕೂ ನೋಡತಕ್ಕ ಸ್ಥಳಗಳು ಅನೇಕವಾಗಿವೆ. ದಾಬಸ್‌ಪೇಟೆಯ ಬಳಿಗೆ ಬರುತ್ತಲೇ ಶಿವಗಂಗೆಯ ಬೆಟ್ಟವು ಕಣ್ಣಿಗೆ ಬೀಳುವುದು. ಈ ಬೆಟ್ಟದ ಗಂಗಾಧರೇಶ್ವರನ ಗುಡಿಯಿಂದ ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯವರೆಗೆ ನೆಲದೊಳಗೆ ಒಂದು ಸುರಂಗವಿದೆಯೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಮ್ಮ ದೇಶದಲ್ಲಿ ಹಳೆಯ ಗುಡಿಯಿದ್ದಲ್ಲಿ, ಕೋಟೆಯಿದ್ದಲ್ಲಿ ಸುರಂಗದ ಮಾತೊಂದು ಇದ್ದೇ ಇರುವುದು. ಈಗಿನ ಕಾಲದ ಮಕ್ಕಳಿಗಾದರೋ ಸುರಂಗವೆಂದರೆ ಆಶ್ಚರ್ಯವೇ ಇಲ್ಲ. 2017ನೆಯ ಇಸವಿಯ ಜೂನ್ ತಿಂಗಳಿನಿಂದ ನಮ್ಮ ಹಸಿರು ಮಾರ್ಗದ ಮೆಟ್ರೋ ರೈಲು ಸಂಪಿಗೆ ರಸ್ತೆಯ ಬಳಿ ನೆಲದೊಳಕ್ಕೆ ಇಳಿದು ನ್ಯಾಷನಲ್ ಕಾಲೇಜಿನ ಈಚೆಗೇ ಮೇಲಕ್ಕೇರುತ್ತಿದೆ. ದೀಪದ ಬೆಳಕಿನಲ್ಲಿ ಕುಳಿತು ಸುರಂಗವನ್ನು ದಾಟುವ ಈ ಮಕ್ಕಳಿಗೆ, ಮುಂದೇನಿದೆಯೆಂಬುದನ್ನು ಅರಿಯದೆ, ಹಿಂದಕ್ಕೆ ತಿರುಗಲೂ ಆಗದೆ ಕತ್ತಲೆಯ ಕಿಂಡಿಯಲ್ಲಿ ತಲೆಯೊಡ್ಡುವುದೆಂದರೇನೆಂಬುದನ್ನು ತಿಳಿಸಬೇಕಾದರೆ ಅವರನ್ನು ಚಿತ್ರದುರ್ಗಕ್ಕೇ ಕರೆದೊಯ್ಯಬೇಕು.

ಹಿರಿಯೂರನ್ನು ದಾಟಿದ ಮೇಲೆ ನೆಲದ ಬಣ್ಣವೇ ಬೇರೆಯಾಗುವುದು. ಮಳೆ ಕಡಿಮೆಯಾದ ಬಯಲು, ದೂರದ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು, ಅವುಗಳ ನಡುವೆ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳು. ಈ ಬಂಡೆಗಳನ್ನೇ ಗೋಡೆಯನ್ನಾಗಿ ಮಾಡಿಕೊಂಡು, ಎಡೆಯಿದ್ದಲ್ಲಿ ಮಾತ್ರ ಕಲ್ಲು ಕಟ್ಟಿ ಮುಚ್ಚಿ, ದುರ್ಗದ ನಾಯಕರು ತಮ್ಮ ಏಳು ಸುತ್ತಿನ ಕೋಟೆಯನ್ನು ಬೆಳೆಸಿದರು. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಅರಸರಿಗೆ ನಡೆದುಕೊಳ್ಳುತ್ತಿದ್ದ ತಿಮ್ಮಣ್ಣ ನಾಯಕನಿಂದ ಮೊದಲಾದ ಈ ವಂಶವು 1779ರಲ್ಲಿ ಕಡೆಯ ಮದಕರಿ ನಾಯಕನೊಡನೆ ಮುಗಿಯಿತು.

ಕೋಟೆಯನ್ನು ಹೊಕ್ಕವರು ಮೊದಲು ಗಮನಿಸಬೇಕಾದುದು ದಾರಿಯ ತಿರುವುಗಳನ್ನು. ಒಂದು ಬಾಗಿಲಿನಲ್ಲಿ ನಿಂತರೆ ಮುಂದಿನ ಬಾಗಿಲು ಕಾಣದು. ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ, ಎತ್ತರದ ಗೋಡೆಗಳ ನಡುವೆ ನಡೆದೇ ಹೋಗಬೇಕು. ಬಾಗಿಲನ್ನು ಒಡೆಯಲು ಆನೆಯನ್ನು ತಂದರೂ ಅದು ಓಡಿಬಂದು ಹಾಯುವಷ್ಟು ಎಡೆಯನ್ನು ಈ ತಿರುವುಗಳು ಕೊಡುವುದಿಲ್ಲ. ಒಳಗೆ ಮದ್ದು ಬೀಸುವ ದೊಡ್ಡ ಕಲ್ಲುಗಳಿವೆ, ಎಣ್ಣೆ ತುಂಬಿಡುವ ಕೊಳಗಳಿವೆ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಮೊದಲಾದ ದೇವರುಗಳ ಗುಡಿಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚಬೇಕಾದುದು ನೀರಿನ ಏರ್ಪಾಡನ್ನು. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಹರಿಸಿ, ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳನ್ನು ತುಂಬಿಸಿ, ಹೆಚ್ಚಾದುದನ್ನು ಕೆಳಗಿನ ಊರಿಗೂ ಇಳಿಸುತ್ತಿದ್ದರು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಒಳಗಿನವರು ಬಾಯಾರಿ ಶರಣಾಗುವ ಹಾಗಿರಲಿಲ್ಲ.

ಈ ಮಾತನ್ನು ಮೈಸೂರಿನ ಹೈದರಾಲಿಯು ಅನುಭವದಿಂದಲೇ ಕಂಡುಕೊಂಡನು. 1760ರ ದಶಕದಲ್ಲಿ ಶಿರಾ, ಬಿದನೂರುಗಳನ್ನು ವಶಮಾಡಿಕೊಂಡ ಅವನಿಗೆ ದುರ್ಗವು ಕಣ್ಣೊಳಗಿನ ಮುಳ್ಳಿನಂತೆ ಉಳಿದಿತ್ತು. ಮುತ್ತಿಗೆಯ ಮೇಲೆ ಮುತ್ತಿಗೆ ಹಾಕಿದರೂ ಗೋಡೆ ಜಗ್ಗಲಿಲ್ಲ. ಎದುರಿನಿಂದ ಆಗದ ಕೆಲಸವನ್ನು ಕಳ್ಳದಾರಿಯಿಂದ ಮಾಡಬೇಕೆಂದು ಅವನ ಕಡೆಯವರು ಹವಣಿಸಿದ ಕಾಲದ ಕಥೆಯೇ ಓಬವ್ವನ ಕಥೆ.

ಕೋಟೆಯೊಳಗೆ ತಣ್ಣೀರು ದೋಣಿಯೆಂಬ ಒಂದು ಸಣ್ಣ ಕೊಳವಿದೆ. ಅದರ ಸಮೀಪದಲ್ಲಿ ಎರಡು ಬಂಡೆಗಳ ನಡುವೆ, ಒಂದಾಳು ಮೈಯನ್ನು ಕುಗ್ಗಿಸಿಕೊಂಡು ನುಸುಳಬಹುದಾದ ಒಂದು ಸಂದು. ಕೋಟೆಯ ಹೊರಗಿನಿಂದ ಒಳಕ್ಕೆ ಇದೇ ದಾರಿ. ಮೊಸರು ಮಾರುವ ಹೆಂಗಸೊಬ್ಬಳು ಇದರೊಳಗೆ ಬಂದುಹೋಗುತ್ತಿದ್ದುದನ್ನು ಶತ್ರುವಿನ ಬೇಹಿನವರು ಕಂಡರೆಂದು ಕೆಲವರು ಹೇಳುವರು. ಆ ಸ್ಥಳದ ಕಾವಲುಗಾರನು ಕಹಳೆಯ ಮುದ್ದಹನುಮ. ಅವನ ಹೆಂಡತಿ ಓಬವ್ವ. ಛಲವಾದಿ ಕುಲದವಳೆಂದು ಹೇಳಿಕೆ. ಮಧ್ಯಾಹ್ನ ಗಂಡನು ಊಟಕ್ಕೆ ಬಂದನು. ಅವನಿಗೆ ಬಡಿಸಿ, ಕುಡಿಯುವ ನೀರು ತರಲೆಂದು ಅವಳು ದೋಣಿಯ ಕಡೆಗೆ ಹೊರಟಳು. ಕಿಂಡಿಯ ಬಳಿ ಪಿಸುಮಾತು ಕೇಳಿಸಿತು. ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲವೆಂದೂ, ಕರೆಯಲು ಹೊತ್ತು ಇರಲಿಲ್ಲವೆಂದೂ ಎರಡು ಬಗೆಯಾಗಿ ಹೇಳುತ್ತಾರೆ. ಮನೆಯಲ್ಲಿದ್ದ ಒನಕೆಯನ್ನು ತಂದು ಕಿಂಡಿಯ ಪಕ್ಕದಲ್ಲಿ ನಿಂತಳು. ಒಳಕ್ಕೆ ಚಾಚಿದ ಮೊದಲನೆಯ ತಲೆಯ ಮೇಲೆ ಒನಕೆ ಬಿತ್ತು. ಹೆಣವನ್ನು ಪಕ್ಕಕ್ಕೆ ಎಳೆದಳು. ಎರಡನೆಯ ತಲೆಗಾಗಿ ಕಾದಳು.

ಈ ಕಥೆಯನ್ನು ಬಾಲ್ಯದಿಂದ ಕೇಳಿರುವ ನಾವು ಅದು ಹೇಗೆ ಸಾಧ್ಯವಾಯಿತೆಂದು ಯೋಚಿಸುವುದಿಲ್ಲ. ಕಿಂಡಿಯ ಮುಂದೆ ನಿಂತು ನೋಡಿದಾಗ ಅದು ತಾನಾಗಿ ಅರ್ಥವಾಗುವುದು. ನೂರು ಮಂದಿ ಬಂದರೂ ಅಲ್ಲಿ ಬರುವವನು ಒಬ್ಬನೇ. ಅವನ ಕೈಗಳೆರಡೂ ನೆಲವನ್ನು ಊರಿರುವುವು, ಕತ್ತಿಯನ್ನೆತ್ತಲು ಎಡೆಯಿಲ್ಲ. ತಲೆಯು ಮೊದಲು ಹೊರಬರಬೇಕು, ಮೈ ಆಮೇಲೆ. ಹಿಂದಿನವನು ತಳ್ಳುತ್ತಿರುವುದರಿಂದ ಹಿಂದಕ್ಕೆ ಸರಿಯಲೂ ಆಗದು. ಗುಟ್ಟಾಗಿ ಬಂದವರಾದುದರಿಂದ ‘ಆಯಿತೇ, ತಲಪಿದೆಯಾ’ ಎಂದು ಕೂಗಿ ಕೇಳುವಂತೆಯೂ ಇಲ್ಲ. ಮುಂದೆ ಹೋದವನಿಂದ ಸದ್ದಿಲ್ಲವೆಂದರೆ ಅವನು ಸುಖವಾಗಿ ಒಳಹೊಕ್ಕನೆಂದೇ ಹಿಂದಿನವನ ಎಣಿಕೆ. ಅವರಿಗೆ ಬಲವಾಗಿ ಒದಗಬೇಕಾಗಿದ್ದ ಮೌನವೇ ಅವರಿಗೆ ಮೃತ್ಯುವಾಯಿತು. ಓಬವ್ವನಿಗೆ ಬೇಕಾಗಿದ್ದುದು ಗಟ್ಟಿ ತೋಳು ಮತ್ತು ಅಲುಗದ ಮನಸ್ಸು. ದಿನವೂ ಭತ್ತ ರಾಗಿ ಕುಟ್ಟಿದ ತೋಳು ಗಟ್ಟಿಯಾಗಿಯೇ ಇದ್ದಿತು. ಮನಸ್ಸು ಎಂಥದೆಂಬುದು ಅಂದು ತಿಳಿಯಿತು.

ಆ ಕತ್ತಲೆಯಲ್ಲಿ ತೆವಳಿದ ಸಿಪಾಯಿಗಳನ್ನು ನೆನೆದರೂ ಮನಸ್ಸು ಮರುಗುವುದು. ಅವರೂ ಯಾವುದೋ ಹಳ್ಳಿಯ ತಾಯಂದಿರ ಮಕ್ಕಳು, ಸಂಬಳಕ್ಕೆ ದುಡಿದವರು. ಒಡೆಯನ ಅಪ್ಪಣೆಯಂತೆ, ಹಿಂದಿರುಗುವ ದಾರಿಯಿಲ್ಲದಲ್ಲಿಗೆ ಹೊಕ್ಕರು. ಅವರ ಹೆಸರುಗಳನ್ನು ಯಾರೂ ಹೇಳುವುದಿಲ್ಲ.

ಊಟ ಮುಗಿಸಿದ ಮುದ್ದಹನುಮನು ನೀರು ಬಾರದುದನ್ನು ಕಂಡು ಹುಡುಕಿಕೊಂಡು ಬಂದನು. ರಕ್ತದಲ್ಲಿ ತೊಯ್ದ ಒನಕೆ, ಸುತ್ತಲೂ ಹೆಣಗಳು, ನಡುವೆ ಹೆಂಡತಿ. ಅವನು ಕಹಳೆಯನ್ನೂದಿದನು, ಕೋಟೆಯ ಪಡೆ ಓಡಿಬಂದು ಉಳಿದವರನ್ನು ಹೊಡೆದಟ್ಟಿತು. ಓಬವ್ವನು ಅದೇ ದಿನ ತೀರಿಕೊಂಡಳು. ಹಿಂದಿನಿಂದ ಬಂದ ಶತ್ರುವೊಬ್ಬನು ಇರಿದನೆಂದು ಕೆಲವರು, ಆಘಾತದಿಂದಲೇ ಪ್ರಾಣ ಹೋಯಿತೆಂದು ಕೆಲವರು ಹೇಳುವರು.

ನಮ್ಮೊಡನೆ ಬಂದಿದ್ದ ಸೋದರತ್ತೆಯವರು ಈ ಕಥೆಯನ್ನೆಲ್ಲ ಸುಮ್ಮನೆ ಕೇಳಿ, ದಾರಿ ತೋರಿಸುತ್ತಿದ್ದ ಮುದುಕನನ್ನು, “ಆ ತಾಯಿ ಅವತ್ತು ಊಟ ಮಾಡಿದ್ದಳೇನಪ್ಪಾ?” ಎಂದು ಕೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಂಡನಿಗೆ ಬಡಿಸಿ ನೀರಿಗೆ ಬಂದವಳು ಕಣಮ್ಮಾ; ಇನ್ನೆಲ್ಲಿಯ ಊಟ?” ಎಂದನು. ಕೋಟೆಯ ಬಾಗಿಲುಗಳ ಲೆಕ್ಕವನ್ನು ಕೇಳುವವರು ನೂರಾರು ಮಂದಿ. ಈ ಪ್ರಶ್ನೆಯನ್ನು ತನ್ನನ್ನು ಯಾರೂ ಕೇಳಿರಲಿಲ್ಲವೆಂದು ಆಮೇಲೆ ಅವನೇ ಹೇಳಿದನು. ಹಸಿದ ಹೊಟ್ಟೆಯಲ್ಲಿ ಒನಕೆ ಎತ್ತಿದವಳೆಂಬುದು ಹೆಂಗಸರಿಗೆ ಮಾತ್ರ ಹೊಳೆಯುವ ಸಂಗತಿಯೆಂದು ತೋರುತ್ತದೆ.

ಓಬವ್ವನು ಕಿಂಡಿಯನ್ನು ಉಳಿಸಿದರೂ ದುರ್ಗವು ಉಳಿಯಲಿಲ್ಲ. 1779ರಲ್ಲಿ ಹೈದರನು ಮತ್ತೆ ಬಂದನು. ಆ ಸಾರಿ ಕೋಟೆಯು ಬಿದ್ದುದು ಒಳಗಿನವರಲ್ಲಿಯೇ ಕೆಲವರು ಶತ್ರುವಿಗೆ ಸೇರಿಕೊಂಡುದರಿಂದ. ಮದಕರಿ ನಾಯಕನನ್ನು ಕುಟುಂಬಸಮೇತ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅವನು ಅಲ್ಲಿಯೇ ಕಾಲವಾದನು. ಸುಮಾರು 20,000 ಬೇಡರನ್ನು ನಾಡುಬಿಡಿಸಿ ಸಾಗಿಸಿ, ಅವರ ಹುಡುಗರನ್ನು ಚೇಲಾ ಎಂಬ ಪಡೆಗೆ ಸೇರಿಸಿದರೆಂದು ಕರ್ನಲ್ ವಿಲ್ಕ್ಸನು ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಬಂಡೆಯ ಸಂದನ್ನು ಒಬ್ಬ ಹೆಂಗಸು ಒನಕೆಯಿಂದ ಕಾಯಬಲ್ಲಳು. ಮನುಷ್ಯರ ಮನಸ್ಸಿನಲ್ಲಿ ಬಿಟ್ಟ ಸಂದನ್ನು ಕಾಯುವವರು ಯಾರು?

ದೊರೆಗಳ ಸಂಗತಿಗಳಿಗೆ ಗ್ರಂಥಗಳುಂಟು. ಕಾವಲುಗಾರನ ಹೆಂಡತಿಯ ಕಥೆ ಬಹುಕಾಲ ಜನರ ಬಾಯಿಯಲ್ಲಿಯೇ ಬಂದಿತು. ದುರ್ಗದ ಸೀಮೆಯವರೇ ಆದ ತ.ರಾ.ಸು. ಅವರ ಕಾದಂಬರಿಗಳನ್ನಾಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡ ಮೇಲೆ ಅವಳು ಕನ್ನಡ ನಾಡಿನ ಮನೆಮನೆಯವಳಾದಳು. 2021ರಿಂದ ನವೆಂಬರ್ 11ನೆಯ ದಿನವನ್ನು ಸರ್ಕಾರದವರು ಒನಕೆ ಓಬವ್ವನ ಜಯಂತಿಯನ್ನಾಗಿ ಆಚರಿಸುತ್ತಿದ್ದಾರೆ.

ಬೆಟ್ಟವಿಳಿದ ಮೇಲೆ ಹೊತ್ತು ಉಳಿದಿದ್ದರೆ ಹತ್ತಿರದ ಚಂದ್ರವಳ್ಳಿಯನ್ನು ನೋಡದೆ ಬರಬಾರದು. ಬೆಟ್ಟಗಳ ನಡುವೆ ಅಡಗಿರುವ ಈ ಕಣಿವೆಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ಡಾಕ್ಟರ್ ಎಂ. ಎಚ್. ಕೃಷ್ಣರವರು 1929ರ ಸುಮಾರಿನಲ್ಲಿಯೂ, ವೀಲರ್ ಎಂಬ ಆಂಗ್ಲ ವಿದ್ವಾಂಸರು 1947ರಲ್ಲಿಯೂ ಇಲ್ಲಿ ಅಗೆದು, ಶಾತವಾಹನರ ಕಾಲದ ಊರೊಂದರ ಕುರುಹುಗಳನ್ನು ಕಂಡರು. ರೋಮಿನ ಚಕ್ರವರ್ತಿಗಳ ನಾಣ್ಯಗಳೂ ಇಲ್ಲಿ ದೊರೆತಿವೆ. ಇಲ್ಲಿಯ ಅಂಕಲಿ ಮಠದ ಗುಹೆಗಳು ನೆಲದೊಳಗಿವೆ. ಮೆಟ್ಟಲಿಳಿದು, ತಲೆ ಬಗ್ಗಿಸಿ, ಕೋಣೆಯಿಂದ ಕೋಣೆಗೆ ಹೋಗಬೇಕು. ದಾರಿ ಬಲ್ಲವರೂ ಕೈದೀಪವೂ ಇಲ್ಲದೆ ಇಳಿಯತಕ್ಕದ್ದಲ್ಲ. ಒಳಗೆ ದೀಪವನ್ನು ಒಂದು ಗಳಿಗೆ ಆರಿಸಿದರೆ, ನಮ್ಮ ಕೈ ನಮಗೇ ಕಾಣದು. ತಪಸ್ಸಿಗೆಂದು ತಾನಾಗಿ ಬಂದವನಿಗೆ ಈ ಕತ್ತಲೆಯು ಶಾಂತಿಯನ್ನು ಕೊಟ್ಟೀತು. ಮೇಲಿನ ಕಿಂಡಿಯಲ್ಲಿ ತೆವಳಿದವರಿಗೆ ಇದೇ ಕತ್ತಲೆಯು ಏನಾಗಿದ್ದಿತೆಂಬುದನ್ನು ಇಲ್ಲಿ ನಿಂತು ಊಹಿಸಬಹುದು.

ಹೋಗುವವರಿಗೆ ಒಂದೆರಡು ಮಾತು. ಬೇಸಗೆಯಲ್ಲಿ ಬಂಡೆಗಳು ಕಾಯುವುವು; ಮಳೆಗಾಲ ಮುಗಿದ ಮೇಲೆ, ಹೊಂಡಗಳಲ್ಲಿ ನೀರಿರುವಾಗ ಹೋಗುವುದು ಲೇಸು. ವಯಸ್ಸಾದವರು ಬೆಳಗಿನ ತಂಪಿನಲ್ಲಿಯೇ ಬೆಟ್ಟವನ್ನು ಹತ್ತತಕ್ಕದ್ದು. ಬುತ್ತಿ ಕಟ್ಟಿಕೊಂಡು ಹೋದರೆ ತಣ್ಣೀರು ದೋಣಿಯ ಸಮೀಪದಲ್ಲಿ ನೆರಳು ನೋಡಿ ಕುಳಿತುಕೊಳ್ಳಬಹುದು. ಅಲ್ಲಿ ಎಲೆ ಹಾಕುವಾಗ ಮನೆಯ ಗಂಡಸರು ಬಡಿಸಿ, ಹೆಂಗಸರು ಮೊದಲು ಊಟಕ್ಕೆ ಕುಳಿತರೆ ಆ ಸ್ಥಳಕ್ಕೆ ಸಲ್ಲತಕ್ಕ ಮರ್ಯಾದೆಯಾದೀತು.