ಸೂಚಕರು, ಅನುಮೋದಕರು

ಸಭೆಯಲ್ಲಿ ಯಾರಾದರೂ ಎದ್ದು ‘ಈ ಗೊತ್ತುವಳಿಯನ್ನು ಸೂಚಿಸುತ್ತೇನೆ’ ಎಂದರೆ ಸಾಕು, ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸ್ವಾಗತ, ವಂದನಾರ್ಪಣೆ, ಕಾಫಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನನಗೆ ಬೇಕಾದ್ದು ಆ ಒಂದು ವಾಕ್ಯ, ಮುಂದೆ ಅದರ ಗತಿ ಏನಾಗುತ್ತದೆ ಎಂಬುದು.

ಊರಿನ ದೂರು ಯಾವಾಗಲೂ ಉದ್ದ. ಚರಂಡಿ ಕಟ್ಟಿಕೊಂಡಿದೆ, ದೀಪ ಉರಿಯುತ್ತಿಲ್ಲ, ಹೋದ ವರ್ಷವೂ ಹೇಳಿದ್ದೆವು. ಅದನ್ನೆಲ್ಲ ಹಿಂಡಿ, ಏನಾಗಬೇಕು, ಯಾರು ಮಾಡಬೇಕು, ಯಾವ ಹಣದಲ್ಲಿ, ಎಷ್ಟು ದಿನದೊಳಗೆ ಎಂದು ಒಂದೇ ವಾಕ್ಯಕ್ಕೆ ಇಳಿಸುವುದು ಕುಶಲ ಕೆಲಸ. ಸೂಚನೆ ಒಮ್ಮೆ ಚರ್ಚೆಗೆ ಬಂದಿತೆಂದರೆ ಅದು ಸಭೆಯ ಸ್ವತ್ತು. ಹಿಂತೆಗೆದುಕೊಳ್ಳಲೂ ಸಭೆಯ ಒಪ್ಪಿಗೆ ಬೇಕು. ಈ ನಿಯಮ ನನಗೆ ಬಹಳ ಪ್ರಿಯ.

ನಮ್ಮ ಹೊಸೂರಿನ ಕಡೆ ಇದನ್ನು ಸವಿಯಬೇಕಾದರೆ ಗ್ರಾಮಸಭೆಗೆ ಹೋಗಬೇಕು. ತಮಿಳುನಾಡಿನಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಇದರ ಹಳೆಯ ದಿನಗಳು. ಮಾರ್ಚ್ 22, ನವೆಂಬರ್ 1 ಆಮೇಲೆ ಸೇರಿಕೊಂಡವು. ಬಾಗಲೂರು, ತಳಿ, ದೆಂಕಣಿಕೋಟೆ ಸುತ್ತಿನ ಹಳ್ಳಿಗಳಲ್ಲಿ ಮೂರು ಭಾಷೆಗಳ ಮಾತು. ಒಮ್ಮೆ ಕೆರೆಗೆ ಬೇಲಿ ಹಾಕಿಸುವ ವಿಷಯ ಬಂತು. ತಮಿಳಿನಲ್ಲಿ ಓದಿದರು. ಎಲ್ಲರೂ ಆಗಲಿ ಎನ್ನುವಷ್ಟರಲ್ಲಿ ಹಿಂದಿನಿಂದ ಮುದುಕಿಯೊಬ್ಬರು ತೆಲುಗಿನಲ್ಲಿ ಕೇಳಿದರು: ದನ ನೀರಿಗೆ ಎಲ್ಲಿ ಇಳಿಯಬೇಕು? ಬಾಗಿಲ ಬಳಿ ನಿಂತಿದ್ದ ರೈತರು, ‘ಅವ್ವ ಹೇಳಿದ್ದು ಸರಿ, ಹಂಗೇ ಬರ್ಕೊಳ್ಳಿ’ ಎಂದು ಕನ್ನಡದಲ್ಲಿ ದನಿಗೂಡಿಸಿದರು. ‘ದನಗಳಿಗೆ ದಾರಿ ಬಿಟ್ಟು’ ಎಂಬ ಮಾತು ಗೊತ್ತುವಳಿಗೆ ಸೇರಿತು. ಬೇಲಿಯೂ ಉಳಿಯಿತು, ದನಗಳ ಪಾಲೂ ಉಳಿಯಿತು. ವಿರೋಧಿಸುವುದಕ್ಕಿಂತ ತಿದ್ದುಪಡಿ ತರುವುದಕ್ಕೆ ಹೆಚ್ಚು ಬುದ್ಧಿ ಬೇಕು ಎಂದು ನಾನು ನಂಬಿದ್ದೇನೆ.

ಸೋತ ಸೂಚನೆಗೂ ಮರ್ಯಾದೆಯಿದೆ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಸಂವಿಧಾನ ಸಭೆಯಲ್ಲಿ ತಿದ್ದುಪಡಿಗಳ ಮೇಲೆ ತಿದ್ದುಪಡಿ ತಂದವರು. ಸಂವಿಧಾನದ ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಎಂದು 1949ರ ಅಕ್ಟೋಬರ್ 17ರಂದು ಸೂಚಿಸಿದರು. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ಸಿಕ್ಕಿಸಬೇಡಿರೆಂದು ಸಭೆಯ ಸದಸ್ಯೆ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರೂ ಕಾಮತ್ ಜಗ್ಗಲಿಲ್ಲ. ಕೈಗಳನ್ನು ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68. ಸಭೆ ತೀರ್ಮಾನಿಸಿದ್ದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಆ 41 ಇಂದಿಗೂ ನಡಾವಳಿಯಲ್ಲಿದೆ, ಕಾಮತರ ವಾದವೂ ಇದೆ. ಕೂಗಾಡಿ ಹೊರನಡೆದವರ ಮಾತು ಹೀಗೆ ಉಳಿಯುವುದಿಲ್ಲ.

ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಹೋಗುವವರನ್ನು ಕಂಡರೆ ನನಗೆ ಸಂಕಟ. ಮುಂದಿನ ಗ್ರಾಮಸಭೆಗೆ ನಿಮ್ಮ ಬೀದಿಯ ಒಂದು ಬೇಡಿಕೆಯನ್ನು ಚೀಟಿಯಲ್ಲಿ ಒಂದೇ ವಾಕ್ಯವಾಗಿ ಬರೆದುಕೊಂಡು ಹೋಗಿ. ಕನ್ನಡದಲ್ಲೇ ಓದಿ. ಅನುಮೋದಿಸಲು ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.