ಬುಡಕ್ಕೆಷ್ಟು ಹುಳ?

ನಮ್ಮೂರಲ್ಲಿ ಭತ್ತಕ್ಕೆ ಯಾವಾಗ ಔಷಧಿ ಹೊಡೆಯಬೇಕು ಅನ್ನುವುದಕ್ಕೆ ಒಂದೇ ಲೆಕ್ಕವಿತ್ತು: ಪಕ್ಕದ ಗದ್ದೆಯವನು ಹೊಡೆದ ಮಾರನೆಯ ದಿನ. ಪಕ್ಕದವನು ಯಾರನ್ನು ನೋಡಿ ಹೊಡೆದ? ಅವನ ಪಕ್ಕದವನನ್ನು. ಹೀಗೆ ತೆವರಿ ದಾಟಿ ದಾಟಿ ಹುಡುಕಿಕೊಂಡು ಹೋದರೆ ಕೊನೆಗೆ ಪೇಟೆಯ ಯಾವುದೋ ಅಂಗಡಿಯ ಕಟ್ಟೆಗೆ ಬಂದು ನಿಲ್ಲುತ್ತಿದ್ದೆವು. ಅಲ್ಲಿ ಯಾವ ಹುಳ ಎಂದು ಕೇಳುತ್ತಿರಲಿಲ್ಲ, ಎಷ್ಟು ಎಕರೆ ಎಂದು ಕೇಳುತ್ತಿದ್ದರು.

ಮಂಡ್ಯಕ್ಕೂ ಮದ್ದೂರಿಗೂ ನಡುವೆ, ವಿ.ಸಿ. ನಾಲೆಯ ನೀರು ಬೀಳುವ ಒಂದೂವರೆ ಎಕರೆ ನಮ್ಮದು. ಅಪ್ಪನೂ ಊರಿನ ಲೆಕ್ಕವನ್ನೇ ನಂಬಿದ್ದ. ಒಂದು ವರ್ಷ ಮಾತ್ರ ಅದು ಕೈಕೊಟ್ಟಿತು. ಮೂಗು ಉರಿಯುವಂಥ ಹೊಸ ಔಷಧಿಯನ್ನು ಮೂರು ಸಲ ಹೊಡೆದ ಮೇಲೂ ಗದ್ದೆಯ ನಟ್ಟನಡುವೆ ಚಾಪೆಯಷ್ಟಗಲ ಪೈರು ಬೆಂಕಿ ಬಿದ್ದಂತೆ ಕಂದಿತು. ವಾರ ಕಳೆಯುವಷ್ಟರಲ್ಲಿ ಕಣದಷ್ಟಗಲವಾಯಿತು. ಅಪ್ಪ ನಾಲ್ಕನೆಯ ಸಲಕ್ಕೆ ಕ್ಯಾನು ಹೊರಲಿಲ್ಲ. ಬದುವಿನ ಮೇಲೆ ಕೂತು ಬೀಡಿ ಹಚ್ಚಿದ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ 1996ರಲ್ಲಿ ಕೆ.ಆರ್.ಎಚ್-2 ಹೈಬ್ರಿಡ್ ಭತ್ತ ಹೊರಬಂದಿತ್ತು. ಊರವರೆಲ್ಲ ಅಲ್ಲಿಗೆ ಬೀಜ ಕೇಳಲು ಹೋದರೆ, ಅಪ್ಪ ತರಬೇತಿಗೆಂದು ಹೋಗಿ ಹುಳ ಎಣಿಸುವುದನ್ನು ಕಲಿತು ಬಂದ. ನಮ್ಮ ಪೈರು ಸುಟ್ಟಿದ್ದ ಕಂದು ಜಿಗಿಹುಳು ತನ್ನ ಮೊಟ್ಟೆಯನ್ನು ಎಲೆಯ ಬುಡದ ಕವಚದೊಳಗೆ ಸೇರಿಸಿಡುತ್ತದೆ. ಔಷಧಿ ಹೊಡೆದಾಗ ಮೊದಲು ಸಾಯುವುದು ಜಿಗಿಹುಳುವನ್ನು ತಿನ್ನುವ ಜೇಡ, ಹಸಿರು ತಿಗಣೆಗಳು. ನಾಲ್ಕಾರು ದಿನಕ್ಕೆ ಮೊಟ್ಟೆಯೊಡೆದು ಮರಿಗಳು ಬಂದಾಗ ಊಟ ಸಿದ್ಧ, ಕಾವಲು ಖಾಲಿ. ಇದೇ ಕಾರಣಕ್ಕೆ ಇಂಡೋನೇಷ್ಯಾದಲ್ಲಿ 1986ರಲ್ಲಿ ಅಧ್ಯಕ್ಷರೇ ಆಜ್ಞೆ ಹೊರಡಿಸಿ 57 ಔಷಧಿಗಳನ್ನು ಭತ್ತಕ್ಕೆ ಹೊಡೆಯಕೂಡದೆಂದರಂತೆ. ಅಪ್ಪನಿಗೆ ಈ ಸುದ್ದಿಯಿಂದ ವಿಚಿತ್ರ ಸಮಾಧಾನ. ಅಷ್ಟು ದೊಡ್ಡ ದೇಶವೇ ಪಕ್ಕದವರನ್ನು ನೋಡಿ ಹೊಡೆದು ಕೆಟ್ಟಿದೆಯೆಂದರೆ ತನ್ನದೇನು ಮಹಾ!

ಅಲ್ಲಿಂದ ಮುಂದೆ ಭಾನುವಾರ ನನ್ನದಾಗಿರಲಿಲ್ಲ. ಗದ್ದೆಯನ್ನು ಮೂಲೆಯಿಂದ ಮೂಲೆಗೆ ಹಾದು 20 ಬುಡ ನೋಡಬೇಕು. ಅಪ್ಪ ಬಗ್ಗಿ, ಎಡಗೈಯಲ್ಲಿ ಪೈರನ್ನು ಒರಗಿಸಿ, ಬಲಗೈಯಿಂದ ಬುಡಕ್ಕೆ ಮಗುವಿನ ಬೆನ್ನು ತಟ್ಟಿದಂತೆ ಎರಡು ಸಲ ತಟ್ಟುತ್ತಿದ್ದ. ಗೋಧಿ ಕಾಳಿಗಿಂತ ಸಣ್ಣ ಕಂದು ಹುಳಗಳು ನೀರಿನ ಮೇಲೆ ಉದುರಿ, ಕ್ಷಣ ಕಕ್ಕಾಬಿಕ್ಕಿಯಾಗಿ, ಅಡ್ಡಡ್ಡ ಜಿಗಿದು ಮತ್ತೆ ಪೈರು ಹತ್ತುತ್ತಿದ್ದವು. ಹತ್ತುವಷ್ಟರಲ್ಲಿ ಎಣಿಸಬೇಕು. ಬುಡಕ್ಕೆ ಹತ್ತರ ಮೇಲಾದರೆ ಔಷಧಿಯ ಮಾತು. ಜೇಡ ಇದ್ದರೆ ಇನ್ನೂ ಕಾಯಬಹುದು. ಸುಳಿ ಒಣಗಿದ ತೆಂಡೆ ಕಂಡರೆ ಎಳೆದು ನೋಡುವುದು ನನ್ನ ಕೆಲಸ. ಕಾಂಡ ಕೊರೆಯುವ ಹುಳು ಒಳಗಿದ್ದರೆ ಸುಳಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೈಗೆ ಬರುತ್ತಿತ್ತು.

ನನ್ನ ಹಳೆಯ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಅಪ್ಪ ಎಲ್ಲವನ್ನೂ ಬರೆಯುತ್ತಿದ್ದ, ಕನ್ನಡ ಅಂಕಿಯಲ್ಲಿ. ಅವನ ಕೈಯಲ್ಲಿ ೬ ಮತ್ತು ೯ ಅವಳಿಜವಳಿ. ದಾರಿಯಲ್ಲಿ ಹೋಗುವವರು, 'ಏನಣ್ಣ, ಹುಳಿನ್ ಜನಗಣತಿಯಾ?' ಅನ್ನುತ್ತಿದ್ದರು.

ಆಮೇಲೆ ದೀಪದ ಬಲೆ ಬಂತು. ಮೂರು ಬಿದಿರಿನ ಕಾಲು, ನಡುವೆ ಬಲ್ಬು, ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬೇಸಿನ್. ನಮ್ಮ ಜಿಲ್ಲೆಯದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿ, ಬೆಟ್ಟ ಬಯಲು ದಾಟಿ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ನಮ್ಮ ಗದ್ದೆ ಮುಟ್ಟುವುದಕ್ಕೆ ಮಾತ್ರ ಅದಕ್ಕೆ ಪುರುಸೊತ್ತಿರಲಿಲ್ಲ. ಕಾಂಡ ಕೊರೆಯುವ ಹುಳುವಿನ ಚಿಟ್ಟೆಗಳು ಹೊರಡುವ ಹೊತ್ತಿಗೆ ಸರಿಯಾಗಿ ಬಲ್ಬು ಕಣ್ಣು ಮುಚ್ಚುತ್ತಿತ್ತು. ನೋಟ್‌ಬುಕ್ಕಿನಲ್ಲಿ ಒಂದು ದಿನದ ಲೆಕ್ಕ ಹೀಗಿದೆ: 'ಹುಳ ಸೊನ್ನೆ. ಕರೆಂಟೂ ಸೊನ್ನೆ.'

ಕರೆಂಟು ಬೇಡದ ಬಲೆಯನ್ನು ಕೃಷಿ ಸಹಾಯಕರೊಬ್ಬರು ತಂದುಕೊಟ್ಟರು. ಎಕರೆಗೆ ಮೂರು ಸಾಕು ಎಂದರು. ಹೆಸರು ಲಿಂಗಾಕರ್ಷಕ ಬಲೆ. ಜಗಲಿಯಲ್ಲಿದ್ದ ಅಜ್ಜಿ 'ಲಿಂಗ' ಕಿವಿಗೆ ಬಿದ್ದದ್ದೇ ಕೈ ಮುಗಿದಳು. 'ಇನ್ನೇನ್ ಬುಡಪ್ಪ, ಶಿವನ್ನೇ ತಂದ್ ನಿಲ್ಸುದ್ ಮೇಲೆ ಪೈರ್ಗೇನಾದಾತು?' ಸಹಾಯಕರಿಗೆ ವಿವರಿಸಲು ಬಾಯಿ ಬರಲಿಲ್ಲ. ಹೆಣ್ಣು ಚಿಟ್ಟೆಯ ವಾಸನೆ ತುಂಬಿದ ಸಣ್ಣ ರಬ್ಬರ್ ತುಂಡು, ಅದನ್ನರಸಿ ಬಂದು ಚೀಲಕ್ಕೆ ಬೀಳುವ ಗಂಡುಗಳು. ಇದನ್ನು ಎಂಬತ್ತರ ಮುದುಕಿಗೆ ಹೇಳುವುದು ಹೇಗೆ? ಮಾರನೆಯ ಸೋಮವಾರ ಹೋಗಿ ನೋಡಿದರೆ ಬಲೆಯ ಕೋಲಿಗೆ ವಿಭೂತಿ ಬಳಿದಿತ್ತು, ಬುಡದಲ್ಲಿ ಎರಡು ಕಣಗಲೆ ಹೂವು. ಆ ವಾರ ಚೀಲಕ್ಕೆ ಬಿದ್ದ ಚಿಟ್ಟೆ ನಾಲ್ಕೇ ನಾಲ್ಕು. ಔಷಧಿ ಹೊಡೆಯಲಿಲ್ಲ. ಕೀರ್ತಿಯೆಲ್ಲ ಶಿವನಿಗೆ ಹೋಯಿತು.

ಅಪ್ಪನ ಲೆಕ್ಕ ಪ್ರತಿಸಲ ಗೆದ್ದಿತೆಂದು ಹೇಳಲಾರೆ. ಒಂದು ಸಲ ಕಾದದ್ದು ಹೆಚ್ಚಾಗಿ, ತೆನೆ ಹೊರಟ ಮೇಲೆ ಅಲ್ಲಲ್ಲಿ ಬಿಳಿ ತೆನೆ ಎದ್ದವು. ಕಾಳಿಲ್ಲದ ತೆನೆ ಬಾಗುವುದಿಲ್ಲ. ಸುತ್ತಲಿನವು ತಲೆ ತಗ್ಗಿಸಿ ನಿಂತಿದ್ದಾಗ ಅವು ಮಾತ್ರ ಸೆಟೆದು ನಿಂತು, ದೂರದ ದಾರಿಗೂ ನಮ್ಮ ಮಾನ ಕಳೆದವು. ಅವ್ವ ಆ ತಿಂಗಳು ಪೂರ್ತಿ ಅಪ್ಪನನ್ನು 'ಲೆಕ್ಕದ ಮೇಷ್ಟ್ರೇ' ಎಂದೇ ಕರೆದಳು.

ಈಗ ಅಪ್ಪನಿಲ್ಲ. ಗದ್ದೆ ನೋಡಿಕೊಳ್ಳುವುದು ಚಿಕ್ಕಪ್ಪನ ಮಗ. ಹೋದ ದೀಪಾವಳಿ ಆಸುಪಾಸಿನಲ್ಲಿ ಫೋನು ಮಾಡಿದ.

'ಅಣ್ಣ, ನಾಳಿಕ್ಕೆ ಡ್ರೋನ್ ಬತ್ತದೆ. ಪಕ್ಕದೋರೆಲ್ಲ ಹೊಡುಸ್ತಾವ್ರೆ. ನಮ್ದೂ ಹೊಡುಸ್ಬುಡ್ಲಾ?'

'ಬುಡಕ್ಕೆಷ್ಟವೆ?'

'ಏನೆಷ್ಟು?'

'ಹುಳ ಕಣ್ಲಾ.'

ಅತ್ತಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. 'ಅದ್ಯಾರಣ್ಣ ಈಗ ಎಣುಸ್ತಾರೆ?'

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಪ್ಯಾಂಟು ಮಡಚಿ ಇಳಿದು ಬಗ್ಗಿದರೆ ಮಂಡಿ ಒಪ್ಪಲಿಲ್ಲ. ಬುಡಕ್ಕೆ ಎರಡು ಸಲ ತಟ್ಟಿದೆ. ಹುಳ ಉದುರುವ ಮೊದಲು ಕನ್ನಡಕ ಉದುರಿತು. ಕೆಸರೊರೆಸಿ ಹಾಕಿಕೊಳ್ಳುವಷ್ಟರಲ್ಲಿ ನೀರಿನ ಮೇಲೆ ಒಂದೂ ಇರಲಿಲ್ಲ, ಎಲ್ಲ ಪೈರು ಹತ್ತಿದ್ದವು. ಬದುವಿನ ಮೇಲೆ ತಮ್ಮ ಮೊಬೈಲು ಹಿಡಿದು, ಬರೆದುಕೊಳ್ಳಲು ಸಿದ್ಧನಾಗಿ ನಿಂತಿದ್ದ.

'ಎಷ್ಟಣ್ಣ?'

'ತಡಿಯೋ,' ಎಂದು ಪಕ್ಕದ ಬುಡಕ್ಕೆ ಕೈ ಹಾಕಿದೆ.